ನನ್ನ ಮಜ್ಜೆ ಬೇಡವೆಂದರು

ಲಂಪಾಂಗಿನ ಕಾರ್ಖಾನೆಯಲ್ಲಿ ದಿನಕ್ಕೆ ಮುನ್ನೂರು ಬಟ್ಟಲು,
ಬಟ್ಟಲಿಗೊಂದು ಹುಂಜ:
ಎದೆಗೆ ಕೆಂಪು, ಬಾಲಕ್ಕೆ ಕಪ್ಪು,
ಕಾಲಡಿಗೆ ಎರಡೆಳೆ ಹುಲ್ಲು.
ನೋಡದೆಯೂ ಬರೆದೇನು.
ಆ ವಾರ ಮಾತ್ರ ಒಂದು ಗೂಡಿನಷ್ಟು ಹುಂಜಗಳಿಗೆ
ಕಣ್ಣಿಡುವುದನ್ನೇ ಮರೆತೆನೆಂದು
ಮೇಸ್ತ್ರಿ ಸುಟ್ಟ ಮೇಲೆ ಕರೆದು ತೋರಿಸಿದ.

ಪರೀಕ್ಷೆಯ ಹಾಳೆ ಮಡಿಚಿ ಜೇಬಿನಲ್ಲಿತ್ತು.
ನನ್ನಲ್ಲಿ ಅರ್ಧ, ಬುವಾಖಿಯಾವ್‌ಳಲ್ಲಿ ಅರ್ಧ.
ಅರ್ಧ ಹೊತ್ತವರಿಗೆ ಏನೂ ಆಗುವುದಿಲ್ಲ,
ಕೊಂಚ ಬಿಳಿಚು, ಕೊಂಚ ಸುಸ್ತು.
ನನ್ನಪ್ಪ ಅದನ್ನೇ ಹೊತ್ತುಕೊಂಡು
ಎಪ್ಪತ್ತರವರೆಗೆ ಜಟಕಾ ಓಡಿಸಿದ,
ಹೊತ್ತಿದ್ದೇನೆಂದು ಗೊತ್ತಿಲ್ಲದೆ.
ಎರಡರ್ಧ ಕೂಡಿದಾಗಲೇ
ಮಗುವಿನ ರಕ್ತಕ್ಕೆ ಉಸಿರು ಹೊರಲು ಬರುವುದಿಲ್ಲ.

ಮೊದಲನೆಯದು ಹಾಗೆ ಹೋಯಿತು.
ಏಳನೇ ತಿಂಗಳು, ಮೈಯೆಲ್ಲ ನೀರು ತುಂಬಿ,
ರೆಪ್ಪೆ ಕೂಡ ಊದಿ.
ಹೆಸರಿಟ್ಟಿರಲಿಲ್ಲ. ಒಂದು ಬಟ್ಟಲು ಮಾಡಿದ್ದೆ, ಸಣ್ಣದು.
ಅದೆಲ್ಲಿದೆಯೆಂದು ಇವಳು ಕೇಳಿಲ್ಲ,
ನಾನು ಹೇಳಿಲ್ಲ.

ಚಿಯಾಂಗ್ ಮಾಯ್‌ನ ದೊಡ್ಡಾಸ್ಪತ್ರೆಯಲ್ಲಿ
ಡಾಕ್ಟರ್ ರಂಗ್‌ಸಿಮಾ ಕಾಗದದ ಮೇಲೆ ಬಸಿರು ಬರೆದಳು,
ಗೆಣಸಿನ ಹಾಗೆ ಬಂತು.
ಹುಟ್ಟಿದ ಮೇಲೆ ಕಷ್ಟ, ಎಂದಳು.
ಅಷ್ಟರಲ್ಲಿ ಮೈ ತನ್ನವರಾರು ಪರರಾರು
ಎಂದು ಎಣಿಸಲು ಕಲಿತು ಅಗುಳಿ ಹಾಕಿರುತ್ತದೆ.
ಈಗ ಐದನೇ ತಿಂಗಳಲ್ಲಿ ಅದಕ್ಕೆ ಆ ಲೆಕ್ಕ ಬಾರದು.
ಅದರಲ್ಲೂ ತಾಯಿಯ ಕಣವೆಂದರೆ ಮೊದಲೇ ಬಳಕೆ,
ಬಂದರೆ ಒಳಗೆ ಕರೆದೀತು.
ಕರೆದೀತು, ಎಂದಳು. ಕರೆಯುತ್ತದೆ ಎನ್ನಲಿಲ್ಲ.

ನನ್ನದು ತೆಗೆದುಕೊಳ್ಳಿ, ಎಂದೆ.
ಅಂಗಿ ಎತ್ತಿ ಬೆನ್ನು ತಿರುಗಿಸಿಯೂ ಬಿಟ್ಟೆ.
ಅವಳು ನಗಲಿಲ್ಲ.
ನಿಮ್ಮದು ಬೇಡ, ಎಂದಳು.
ಮಗು ಬಿಟ್ಟರೂ ತಾಯಿಯ ಮೈ ಬಿಡದು,
ನಿಮ್ಮನ್ನು ಹೊಸ್ತಿಲಲ್ಲೇ ಹಿಡಿಯುತ್ತದೆ.

ರೋಗಕ್ಕೆ ಅರ್ಧ ಪಾಲುದಾರ,
ಮದ್ದಿಗೆ ಹೊರಗಿನವ.
ಹೊರಗೇ ಕೂತೆ, ಹಸಿರು ಪ್ಲಾಸ್ಟಿಕ್ ಕುರ್ಚಿಯಲ್ಲಿ,
ಇವಳ ಚಪ್ಪಲಿ ಮಡಿಲಲ್ಲಿಟ್ಟುಕೊಂಡು.

ಬೋರಲು ಮಲಗಿಸಿ ಸೊಂಟದೆಲುಬಿಗೆ ಸೂಜಿ ತಿರುವಿದರಂತೆ.
ತೆಗೆದದ್ದನ್ನು ನರ್ಸ್ ಒಯ್ಯುವಾಗ ಕಂಡೆ,
ಪುಂಡಿ ಹೂವಿನ ಷರಬತ್ತಿನ ಬಣ್ಣ.
ದಿನವಿಡೀ ಸೋಸಿದರು,
ಜಗಳಗಂಟಿ ಕಣಗಳನ್ನು ಆರಿಸಿ ತೆಗೆದರು.
ಕೊನೆಗೆ ಉಳಿದದ್ದು ಸಿರಿಂಜಿನ ತಳದಲ್ಲಿ
ಅಕ್ಕಿ ತೊಳೆದ ನೀರಿನಂಥ ಒಂದಿಷ್ಟು ಮಬ್ಬು.

ಅದಕ್ಕೂ ಮೊದಲು ಅತ್ತೆ ಕೆಯೊಮಾ ಬಂದಳು,
ಬಿಳಿ ದಾರದ ಉಂಡೆ ಹಿಡಿದು.
ಮೂವತ್ತೆರಡು ಜೀವಗಳಂತೆ ಮೈಯೊಳಗೆ,
ಹೆದರಿದರೆ ಒಂದೊಂದೇ ಎದ್ದು ಹೋಗುತ್ತವಂತೆ,
ಕರೆದು ಕರೆದು ಮಣಿಕಟ್ಟಿಗೆ ಕಟ್ಟಬೇಕು.
ಮಗಳ ಕೈಗೆ ಕಟ್ಟಿದಳು.
ಒಳಗಿರುವವರಿಗೆ ಎಲ್ಲಿ ಕಟ್ಟಲಿ, ಎಂದು ಡಾಕ್ಟರನ್ನೇ ಕೇಳಿದಳು.
ರಂಗ್‌ಸಿಮಾ ಗಡಿಯಾರ ನೋಡಿದಳು,
ಆಮೇಲೆ ತನ್ನ ಬಲಗೈ ಚಾಚಿದಳು.

ಪರದೆಯ ಮೇಲೆ ಎಲ್ಲ ಬೂದು.
ಹೊಕ್ಕುಳಬಳ್ಳಿಯ ನರ, ಅದರೊಳಗೆ ಒಂದು ಬಿಳಿ ಗೀರು,
ಗೀರಿನ ತುದಿಯಿಂದ ಸಣ್ಣ ಗುಳ್ಳೆಗಳ ಓಟ.
ಅಷ್ಟೆ. ನೀರು ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಜನವರಿಯಲ್ಲಿ ಹುಟ್ಟಿದಳು, ಊದದೆ, ಅತ್ತುಕೊಂಡು.
ಹುಡುಕಿ ನೋಡಿದರೆ ಸಾವಿರಕ್ಕೆ ಮೂರೇ ಕಣ ಇವಳವು.
ತಿಂಗಳಿಗೊಮ್ಮೆ ರಕ್ತದ ಬಾಟಲಿ ತಪ್ಪಿಲ್ಲ.
ಮೂರಕ್ಕೆ ಮನೆ ಗೊತ್ತಾಗಿದೆ,
ಮುಂದೆ ಇನ್ನಷ್ಟು ಕಳಿಸಿದರೆ ಬಾಗಿಲು ತೆರೆಯಬಹುದು, ಎನ್ನುತ್ತಾರೆ.
ಬಹುದು. ಈ ಪದ ನನಗೀಗ ಬಾಯಿಪಾಠ.

ಚಳಿ ಬಿದ್ದರೆ ಇವಳ ಸೊಂಟ ನೋಯುತ್ತದೆ,
ಸೂಜಿ ತಿರುವಿದ ಜಾಗದಲ್ಲೇ.
ರಾತ್ರಿ ಮಗು ಮಲಗಿದ ಮೇಲೆ
ಬಣ್ಣ ಹೋಗದ ಹೆಬ್ಬೆರಳಿನಿಂದ ಒತ್ತುತ್ತೇನೆ.
ಇನ್ನೂ ಎಡಕ್ಕೆ, ಎನ್ನುತ್ತಾಳೆ.
ಎಡಕ್ಕೆ ಒತ್ತುತ್ತೇನೆ.