ಮೊಳೆ ಕಿತ್ತ ಜಾಗ

ಗುತ್ತಲಿನ ನಮ್ಮ ಶಾಲೆಯ ಒಂಬತ್ತನೇ ಬಿ ಸೆಕ್ಷನ್ನಿನಲ್ಲಿ
ಕರಿಹಲಗೆ ಅಂದರೆ ಹಲಗೆಯಲ್ಲ, ಗೋಡೆ.
ಬಣ್ಣ ಬಳಿಯಲು ಬಂದವನು
ಗೇಟಿಗೆ ಹಚ್ಚಿ ಉಳಿದ ಎಣ್ಣೆ ಪೇಂಟನ್ನು ಇಲ್ಲೇ ಮುಗಿಸಿ ಹೋದ.
ಎಡಗಡೆ ಮೂರನೇ ಒಂದು ಪಾಲು
ತೊಳೆದ ಎಮ್ಮೆಯ ಮೈಯಂತೆ ಮಿರಮಿರ.
ಸೀಮೆಸುಣ್ಣ ಅಲ್ಲಿ ಕಾಲೂರುವುದಿಲ್ಲ,
ಜಾರುತ್ತದೆ, ಕಿರ್ರೆನ್ನುತ್ತದೆ,
ಮೂವತ್ತೆಂಟು ಮಕ್ಕಳ ಹಲ್ಲು ಒಟ್ಟಿಗೆ ಜುಮ್ಮೆನ್ನುತ್ತದೆ.

ಹತ್ತೂವರೆಗೆ ಬಿಸಿಲು ಕಿಟಕಿಗೆ ಬರುತ್ತದೆ. ನನ್ನ ಗಣಿತವೂ ಆಗಲೇ.
'ಮಿಸ್, ಕಾಣ್ಸಕಿಲ್ಲ' ಅನ್ನುತ್ತದೆ ಗೋಡೆ ಬದಿಯ ಸಾಲು.
ಪರದೆ ಕೇಳಿದೆ. ಎರಡು ಸಭೆಯ ನಡಾವಳಿಯಲ್ಲಿ ಪರದೆ ಇದೆ,
ಕಿಟಕಿಯಲ್ಲಿಲ್ಲ.
ಕೊನೆಗೆ ಅಡುಗೆಯ ಕೆಂಪಾಜಮ್ಮ
ಬಿಸಿಯೂಟದ ಅಕ್ಕಿಚೀಲ ಬಿಚ್ಚಿ, ಹೊಲಿದು, ಕಟ್ಟಿಕೊಟ್ಟಳು.
ಗಾಳಿ ಬಂದರೆ ಚೀಲ ಹಾರಿ
ನನ್ನ ಸಮೀಕರಣದ ಒಂದು ಪಕ್ಕ ಬೆಳಗುತ್ತದೆ, ಆರುತ್ತದೆ.
ಹೊರಗೆ ಕಬ್ಬಿನ ಲಾರಿಗಳ ಸಾಲು,
ಸಕ್ಕರೆ ಕಾರ್ಖಾನೆಯ ಮಡ್ಡಿ ವಾಸನೆ,
ಕಿಟಕಿ ಮುಚ್ಚೋಣವೆಂದರೆ ಬಾಗಿಲಿಗೆ ಚಿಲಕವಿಲ್ಲ.

ಬಿಳಿ ಬೋರ್ಡೂ ಬಂತು, ದಾನಿಗಳ ಹೆಸರಿನ ಸಮೇತ.
ಜತೆಗೆ ನಾಲ್ಕು ಮಾರ್ಕರ್.
ಮೂರು ಒಣಗಿದವು.
ನಾಲ್ಕನೆಯದು ಅಳಿಸದ ಶಾಯಿಯದು ಅಂತ ಯಾರಿಗೆ ಗೊತ್ತು?
ಸಾಹೇಬರು ತಪಾಸಣೆಗೆ ಬರುತ್ತಾರೆಂದು
ಡ್ರಾಯಿಂಗ್ ಮೇಷ್ಟ್ರು ಹೂಬಳ್ಳಿ ಬಿಡಿಸಿ ಬರೆದರು: ಸುಸ್ವಾಗತ.
ಸಾಹೇಬರು ಬರಲಿಲ್ಲ.
ಸೀಮೆಎಣ್ಣೆ, ಸ್ಪಿರಿಟ್ಟು, ಹಲ್ಲುಪುಡಿ, ಏನು ಹಾಕಿ ಉಜ್ಜಿದರೂ
ಸುಸ್ವಾಗತ ಹೋಗಲಿಲ್ಲ.
ಅದರ ಮೇಲೆಯೇ ಅಪವರ್ತನ ಹೇಳಿಕೊಟ್ಟೆ ಒಂದು ವಾರ.
ಸ್ವಾಗತದ 'ಗ' ಯಾರೋ ಒಬ್ಬನ ಉತ್ತರಕ್ಕೂ ಸೇರಿಕೊಂಡಿತು.

ನಾನು ಓದಿದ ಬಸರಾಳಿನಲ್ಲಿ ಶನಿವಾರ ಬಂದರೆ
ಗರಗದ ಸೊಪ್ಪು, ಇದ್ದಿಲು ಅರೆದು
ಅಂಗೈ ಕಪ್ಪಾಗುವ ತನಕ ಹಲಗೆಗೆ ತಿಕ್ಕುತ್ತಿದ್ದೆವು.
ಸೋಮವಾರ ಮೊದಲ ಅಕ್ಷರ
ಮೊಸರನ್ನದಲ್ಲಿ ಬೆರಳಿಟ್ಟಂತೆ ಇಳಿಯುತ್ತಿತ್ತು.
ಇಲ್ಲಿ ಎಣ್ಣೆ ಪೇಂಟಿಗೆ ಯಾವ ಸೊಪ್ಪೂ ಹತ್ತುವುದಿಲ್ಲ.
ಮನೆಗೆ ಹೋದರೆ ಸೆರಗಿನ ತುಂಬ ಬಿಳಿ ಧೂಳು,
ಕೆಮ್ಮಿದರೆ ನಮ್ಮವರು 'ಇವತ್ತು ಯಾವ ಪಾಠ?' ಅನ್ನುತ್ತಾರೆ.

ಇಷ್ಟೂ ನನ್ನ ದೂರುಗಳೇ. ಹಲಗೆಗೆ ಅಂಟಿ ನಿಂತವಳ ದೂರುಗಳು.

ಸಾದಿಯಾ ಎತ್ತರದ ಹುಡುಗಿ, ಹಾಗಾಗಿ ಕೊನೇ ಬೆಂಚು.
ಕಿರುಪರೀಕ್ಷೆಗೆ ಹಲಗೆಯ ಮೇಲೆ ಬರೆದಿದ್ದೆ:
ತ್ರಿಜ್ಯ 35 ಸೆಂ.ಮೀ., ವೃತ್ತದ ವಿಸ್ತೀರ್ಣ ಕಂಡುಹಿಡಿಯಿರಿ.
ಅವಳ ಉತ್ತರ 38.5.
ಸೊನ್ನೆ ಹಾಕಿದೆ, ಕೆಂಪಗೆ, ದುಂಡಗೆ.
'ಕಣ್ಣು ಎಲ್ಲಿಟ್ಟಿದ್ದೆ?' ಅಂದೆ.
ಅವಳು ಹಲಗೆಯ ಕಡೆ ನೋಡಿದಳು, ಏನೂ ಹೇಳಲಿಲ್ಲ.

ಅರ್ಧವಾರ್ಷಿಕಕ್ಕೆ ಮೇಲ್ವಿಚಾರಣೆ.
ಕಾಲು ನೋವೆಂದು ಹೋಗಿ ಅವಳ ಬೆಂಚಿನ ತುದಿಗೆ ಕೂತೆ.
ಹಲಗೆಯ ಮೇಲೆ ಅವತ್ತಿನ ತಾರೀಕು, ಹಾಜರಿ: 37.
ಕೂತಲ್ಲಿಂದ ಅದು 3.7.

ಯಾವ ಕಾಲದಲ್ಲೋ ಇಂಡಿಯಾ ಮ್ಯಾಪು ನೇತುಹಾಕಲು
ಸಮಾಜದ ಮೇಷ್ಟ್ರು ಹೊಡೆದ ಮೊಳೆ.
ಮೊಳೆ ಕಿತ್ತಾಗ ಗಾರೆಯೂ ಕಿತ್ತು
ಎಳ್ಳಿನಷ್ಟು ಬಿಳಿ.
ದಿನಾ ಅದರ ಪಕ್ಕದಲ್ಲೇ ಬರೆಯುತ್ತೇನೆ,
ಬೆರಳಿಗೆ ಗೊತ್ತು, ಕಣ್ಣಿಗೆ ಬಿದ್ದಿರಲಿಲ್ಲ.

ಮನೆಯಲ್ಲಿ ಕೂತು ಲೆಕ್ಕ ಮಾಡಿದೆ.
ಮೂರೂವರೆಯನ್ನು ಮೂರೂವರೆಯಿಂದ ಗುಣಿಸಿ,
ಇಪ್ಪತ್ತೆರಡರಿಂದ ಗುಣಿಸಿ, ಏಳರಿಂದ ಭಾಗಿಸಿ.
ಒಂದು ಹೆಜ್ಜೆಯೂ ತಪ್ಪಿರಲಿಲ್ಲ ಹುಡುಗಿ.

ಅಂಕಪಟ್ಟಿ ಮೇಲಕ್ಕೆ ಹೋಗಿಯಾಗಿತ್ತು.
ಇದ್ದಿಲು ನೆನೆಸಿ ತೂತಿಗೆ ಒತ್ತಿದೆ,
ಒಣಗಿ ಉದುರಿತು. ಮತ್ತೆ ಒತ್ತಿದೆ.

ಈಗ ಏನು ಬರೆದರೂ ಮೊದಲು ಅವಳನ್ನು ಏಳಿಸುತ್ತೇನೆ,
'ಓದವ್ವ, ಏನಿದೆ?'
ಸಾದಿಯಾ ಕಣ್ಣು ಕಿರಿದು ಮಾಡಿ, ಕತ್ತು ವಾಲಿಸಿ
ನಿಧಾನಕ್ಕೆ ಓದುತ್ತಾಳೆ,
ನಡುವೆ ನಿಲ್ಲಿಸಿ ಕೇಳುತ್ತಾಳೆ:
'ಮಿಸ್, ಆ ಚುಕ್ಕೆ ನಿಮ್ದಾ, ಗೋಡೇದಾ?'