ಕಾವಿಲ್ಲದ ಭಟ್ಟಿ

ಐದು ನಿಮಿಷ ರಟ್ಟೆ ಬಿಗಿದು ಕೂರಬೇಕು, ಹಾಜಿರಾಬಿ.
ಪಟ್ಟಿ ಸಡಿಲಾದೊಡನೆ
ತಡೆದ ನೆತ್ತರು ನುಗ್ಗಿ ಬರುತ್ತದೆ,
ಬರುವ ಸದ್ದಿಗೇ ನಾಳ ತಾನಾಗಿ ಅಗಲವಾಗಬೇಕು,
ಹೊಂಡದ ಸರ್ಕಲ್ಲಿನ ಹಿಂದಿನ ಓಣಿ
ದಿಬ್ಬಣ ಬಂತೆಂದು
ಸೈಕಲ್ಲು, ಕೊಡ, ಹೊರಸು
ಎಲ್ಲ ಒಳಗೆಳೆದುಕೊಳ್ಳುವ ಹಾಗೆ.
ನಿನ್ನ ನಾಳ ಎಷ್ಟು ಜಾಗ ಬಿಡುತ್ತದೋ
ಪರದೆಯ ಮೇಲೆ ಅಳೆಯುವುದು ಈಗ ನನ್ನ ಕೆಲಸ.

ಆಗ ಬೇರೆ ಕೆಲಸ.
ಹನ್ನೊಂದು ವರ್ಷದ ಹಿಂದೆ, ಕೆಳಮಾಳಿಗೆಯ ಯಂತ್ರದಡಿ
ನಿನ್ನ ಎಡದೆಗೆ, ಕಂಕುಳಿಗೆ
ಮೂರು ಹಚ್ಚೆಚುಕ್ಕೆ ಇಟ್ಟವನು ನಾನೇ.
ಎಳ್ಳಿನಷ್ಟು. ನೀಲಿ.
"ಬಿಸಿ ಆಗ್ತದೇನಣ್ಣಾ?" ಅಂದಿದ್ದೆ.
ಇಲ್ಲ ಅಂದೆ,
ಭಾರದ ಬಾಗಿಲು ಎಳೆದುಕೊಂಡು ಈಚೆ ನಿಂತೆ.
ಒಳಗಿನಿಂದ ಮೈಕಿನಲ್ಲಿ ನಿನ್ನ ನಗು:
"ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿ ಮುಂದೆ ಕುಂತೋಳು,
ಬೆಂಕಿ ಇಲ್ದೆ ಹುರಿಯೋದು
ಇವತ್ತೇ ನೋಡಿದ್ದು!"

ಇಪ್ಪತ್ತೈದು ದಿನ. ದಿನಕ್ಕೆರಡು ನಿಮಿಷ.
ಗಂಟು ಮತ್ತೆ ಬರಲಿಲ್ಲ.
ನಾನು ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲೂ ಇಲ್ಲ,
ಪೂರ್ತಿ ಗೊತ್ತಿದ್ದರಲ್ಲವೇ.

ನಾಳದ ಒಳಮೈಗೆ ಜೀವಕೋಶದ ಒಂದೇ ಹಾಸು,
ಈರುಳ್ಳಿಯ ಒಳಪೊರೆಗಿಂತ ತೆಳು.
ಹರಿವನ್ನು ಮುಟ್ಟಿ ಮುಟ್ಟಿ ನೋಡುತ್ತಿರುತ್ತದೆ,
ಜೋರಾದರೆ ಹೊರಗಿನ ಸ್ನಾಯುವಿಗೆ ಪಿಸುಗುಡುತ್ತದೆ:
ಸ್ವಲ್ಪ ಸರಿ, ಸಡಿಲಾಗು.
ಆ ಕಾಣದ ಬೆಳಕು
ಗಂಟಿಗೆ ಹೋಗುವ ದಾರಿಯಲ್ಲಿ ಇದನ್ನೂ ದಾಟಿತು,
ಕೊಲ್ಲದೆ ಮುದಿ ಮಾಡಿತು.
ಹೊತ್ತಿಗೆ ಮುಂಚೆ ಮುದಿಯಾದವು
ಸಿಡುಕುತ್ತವೆ;
ಪಿಸುಮಾತು ಮರೆತಿರುತ್ತವೆ.

ಬಲಗೈ ಮೊದಲು. ಪಟ್ಟಿ ಬಿಟ್ಟೆ.
ಎರಡು ಬಿಳಿ ಗೆರೆ ಒಂದರಿಂದೊಂದು ಸರಿದವು,
ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವಷ್ಟು ಸಲೀಸು.

ಎಡಗೈ.
ನೆತ್ತರು ಬಂತು.
ಗೆರೆಗಳು ಇದ್ದಲ್ಲೇ.
ಕರ್ಸರ್ ಮತ್ತೊಮ್ಮೆ ಇಟ್ಟೆ, ಮಗದೊಮ್ಮೆ ಇಟ್ಟೆ,
ಕೂದಲೆಳೆಯಷ್ಟಾದರೂ ಕೊಡು ಎಂದು
ಯಾರನ್ನು ಕೇಳುತ್ತಿದ್ದೆನೋ.

ನೀನು ಪರದೆ ನೋಡಲಿಲ್ಲ, ನನ್ನ ಮುಖ ನೋಡಿದೆ.
"ಅರಳಲಿಲ್ಲ ಅಲ್ವಾ?
ಒಂದೊಂದು ಒಬ್ಬೇಲೂ ಅಂಥ ಕಾಳು ಇರ್ತಾವಣ್ಣ.
ಜರಡಿಯಿಂದ ಕೆಳಗೆ ಬೀಳ್ತಾವೆ.
ಎಸೆಯಲ್ಲ. ಕೋಳಿಗೆ ಹಾಕ್ತೀವಿ."
ತೋಳು ಇಳಿಸಿಕೊಂಡೆ. "ಹನ್ನೊಂದು ವರ್ಷ ಆಯ್ತಲ್ಲ,
ಅದು ಯಾರ ಲೆಕ್ಕಕ್ಕೆ ಬರ್ಕೋತೀ?"

ಹೃದಯದ ಡಾಕ್ಟರ ಚೀಟಿ ಬರೆದುಕೊಟ್ಟೆ, ರೂಮ್ ನಂಬರ್ ಹೇಳಿದೆ.
ಲಿಫ್ಟ್ ಕೆಟ್ಟಿದೆ, ಮೆಲ್ಲಗೆ ಹತ್ತು ಅಂದೆ.

ನನ್ನ ಎದೆಗೂ ಒಂದು ಬಿಲ್ಲೆ ಇತ್ತು, ಹದಿನಾರು ವರ್ಷ.
ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಹೋಗಿ
"ಮಿತಿಯೊಳಗಿದೆ" ಎಂದು ಬರೆಸಿಕೊಂಡು ಬರುತ್ತಿತ್ತು.
ಬಾಗಿಲಿನ ಚಿಲಕ ಹಾಕಿ
ನನ್ನ ರಟ್ಟೆಗೇ ಪಟ್ಟಿ ಸುತ್ತಿಕೊಂಡಿದ್ದೇನೆ.
ಮೂರು ನಿಮಿಷವಾಯಿತು, ಬೆರಳು ಜೋಮು.
ಹೊರಗೆ ಯಾರೋ
ಮುಂದಿನ ಚೀಟಿ ಕೂಗುತ್ತಿದ್ದಾರೆ.