ಚಿಲ್ಲರೆ

ಆಗಸ್ಟಿನಲ್ಲಿ ಮೂರು ಪಂದ್ಯ, ಮೂರೂ ಗೆಲುವು.
ಹೇಝಲ್‌ನಟ್ ಮೂಟೆ ಹೊರುವವರು ಕೂಡ
ಕಾಯಾಬುರ್ನುವಿನ ಬೀದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಡೆದರು.
ನಾನು ಮಿನಿಬಸ್ಸಿನ ಕನ್ನಡಿಗೆ ಕ್ಲಬ್ಬಿನ ಶಾಲು ಸುತ್ತಿದೆ.
ಹಿಂದಿನದೇನೂ ಕಾಣದಾಯಿತು.
ಯಾಕೆ ಕಾಣಬೇಕು? ಮುಂದಿದ್ದೆವಲ್ಲ ನಾವು.

ಆಮೇಲೆ ಹನ್ನೊಂದು ಪಂದ್ಯ, ಎರಡು ಪಾಯಿಂಟು.
ಅದರಲ್ಲೊಂದು, ಎದುರಾಳಿಗಳ ಬಸ್ಸು ಘಟ್ಟದ ಹಿಮದಲ್ಲಿ ಸಿಕ್ಕಿಬಿದ್ದು
ಅವರು ಊಟವಿಲ್ಲದೆ ಬಂದಿಳಿದ ದಿನ.
ಹಸಿದವರನ್ನೂ ಸೋಲಿಸಲಾಗಲಿಲ್ಲ.
ಗೋಲಿ ಇಲ್ಯಾಸನ ಕೈ ಜರಡಿ.
ಇಸ್ತಾಂಬುಲಿನಿಂದ ತಂದ ಸ್ಟ್ರೈಕರು
ಪೆನಾಲ್ಟಿ ಹೊಡೆದರೆ ಸಮುದ್ರಕ್ಕೇ;
ಮೀನುದೋಣಿಯವರು ಆ ಚೆಂಡು ತಂದು ಕೊಡಲು
ಒಂದು ಟೀ ಕೇಳುತ್ತಿದ್ದರು.

ಶಾಲು ಬಿಚ್ಚಿದ್ದು ಡಿಸೆಂಬರಿನಲ್ಲಿ.
ಟ್ರಾಫಿಕ್ ಪೊಲೀಸು ಹೇಳಿದ ಅಂತ ಮನೆಯಲ್ಲಿ ಹೇಳಿದೆ.
ಹಜೆರ್ ನಂಬಿದಂತೆ ತಲೆಯಾಡಿಸಿ, ಶಾಲು ಒಗೆಯಲು ಹಾಕಿದಳು.

ಆಟಗಾರರಿಗೆ ಮೂರು ತಿಂಗಳ ಸಂಬಳವಿಲ್ಲ, ಗೊತ್ತಿತ್ತು.
ಅಧ್ಯಕ್ಷ ಸಬಾಹತ್ತಿನ್ ಸಾಹೇಬರ ಹೊಸ ಕಾರು, ಅದೂ ಗೊತ್ತಿತ್ತು.
ಆದರೆ ಅರ್ಧ ಊರು ಅವರ ಸಾಲದಲ್ಲಿ,
ಈ ಬಸ್ಸಿನ ನಾಲ್ಕು ಟೈರೂ ಸೇರಿ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ತಾನೆ?
ಕಬ್ಬಿಣ ಕಾಸಿದವರಲ್ಲಿ ನಾನೂ ಒಬ್ಬ.

ಕೋಚ್ ನೆಜ್ಮಿಯನ್ನು ಎಲ್ಲರೂ ಕರೆಯುವುದು ಹೋಜಾ ಅಂತ.
ಶಾಲೆ ಮೇಷ್ಟರಿಗೂ ಅದೇ ಹೆಸರು,
ಮಸೀದಿಯಲ್ಲಿ ಮುಂದೆ ನಿಲ್ಲುವವರಿಗೂ ಅದೇ.
ಸ್ಟ್ಯಾಂಡಿನಲ್ಲಿ ನಿಂತು ನಾವು ಕೂಗಿದ್ದು:
"ಇಳಿ, ಹೋಜಾ, ಇಳಿ!"
ಆರಂಭಿಸಿದವನು ನಾನು.
ಇಪ್ಪತ್ತಾರು ವರ್ಷ ಸ್ಟಾಪುಗಳ ಹೆಸರು ಕೂಗಿದ ಗಂಟಲು;
ಹೇಗೆ ಎಳೆದರೆ ಕೊನೆಯ ಸಾಲಿಗೆ ಮುಟ್ಟುತ್ತದೆ
ಅಂತ ಅದಕ್ಕೆ ಗೊತ್ತು.

ಸೋಮವಾರ ರಾತ್ರಿ ತೆಗೆದರು.
ಮಂಗಳವಾರ ಬೆಳಿಗ್ಗೆ ಬೇಕರಿ ತಿರುವಿನಲ್ಲಿ
ಒಬ್ಬ ಮನುಷ್ಯ ಕೈ ತೋರಿಸಿದ,
ಒಂದು ಸೂಟ್‌ಕೇಸು, ಒಂದು ಜೊತೆ ಬೂಟು ಲೇಸಿನಲ್ಲಿ ಕಟ್ಟಿ.
ಹಿಂದಿನ ಸೀಟಿಗೆ ಹೋಗಿ ಕೂತ.
ಕನ್ನಡಿ ಖಾಲಿಯಿತ್ತು. ಮುಖ ಪೂರ್ತಿ ಕಾಣಿಸಿತು.

ಇಲ್ಲಿ ಟಿಕೆಟ್ ದುಡ್ಡು ಕೈಯಿಂದ ಕೈಗೆ ಮುಂದೆ ಬರುತ್ತದೆ.
ಅವನ ನೋಟು ಬಂತು:
ಟೀ ಅಂಗಡಿ ಶಾಬಾನನ ಕೈಯಿಂದ,
ಅವನು ಡ್ರಮ್ಮು ಬಾರಿಸುವವನು;
ಅವನಿಂದ ನರ್ಸ್ ಮ್ಯುಯೆಸ್ಸರಳಿಗೆ,
ಬ್ಯಾನರು ಹೊಲಿದವಳು;
ಅವಳಿಂದ ನನಗೆ.
ಯಾರೂ ಯಾರನ್ನೂ ನೋಡಲಿಲ್ಲ.
ಚಿಲ್ಲರೆ ಅದೇ ಕೈಗಳಲ್ಲಿ ವಾಪಸು ಹೋಯಿತು.

ಸೇತುವೆ ದಾಟುವಾಗ ಹಿಂದಿನಿಂದ ಮತ್ತೆ ಎರಡು ಲೀರಾ ಬಂತು,
ಜೊತೆಗೆ ಮಾತು, ಬಾಯಿಂದ ಬಾಯಿಗೆ:
ಜಾಸ್ತಿ ಕೊಟ್ಟಿದ್ದೀರಂತೆ.
ಜಾಸ್ತಿ ಕೊಟ್ಟಿದ್ದೀರಂತೆ.
ಜಾಸ್ತಿ ಕೊಟ್ಟಿದ್ದೀರಂತೆ.

ಬಸ್ ನಿಲ್ದಾಣ. ಅವನೇ ಹೇಳಿದ, ಮೆಲ್ಲಗೆ:
"ಇಲ್ಲೇ ಇಳೀತೀನಿ."

ಹೊಸಬ ಬರ್ಕಾನ್ ಹೋಜಾ ಚಿಕ್ಕ ವಯಸ್ಸಿನವನು.
ಕೈಯಲ್ಲಿ ಟ್ಯಾಬ್ಲೆಟ್, ಅದರ ತುಂಬ ಬಾಣಗಳು;
ಮಾತಿಗೆ ಮುಂಚೆ ಗಡ್ಡ ಸವರುತ್ತಾನೆ.
ಮೊದಲ ಪಂದ್ಯ ಒಂದು ಸೊನ್ನೆಯಲ್ಲಿ ಗೆದ್ದೆವು.
ಕಾರ್ನರಿನಿಂದ, ಹತ್ತಿರದ ಕಂಬಕ್ಕೆ, ಗಿಡ್ಡ ಒರ್ಹಾನನ ತಲೆ.
ಅದೇ ಕಾರ್ನರನ್ನು ಜನವರಿಯ ಕೆಸರಿನಲ್ಲಿ
ನೆಜ್ಮಿ ನಲವತ್ತು ಸಲ ಮಾಡಿಸುವುದನ್ನು
ಬೇಲಿಗೆ ಒರಗಿ, ಕಾಳು ಒಡೆಯುತ್ತ ನೋಡಿದ್ದೇನೆ.
ನೋಡಿ ನಕ್ಕಿದ್ದೇನೆ.
ಸ್ಟ್ಯಾಂಡು ಎದ್ದು ಬರ್ಕಾನನ ಹೆಸರು ಹಾಡಿತು.
ನಾನೂ ಹಾಡಿದೆ, ತಡವಾಗಿಯಲ್ಲ.

ಇನ್ನು ಮೂರು ಪಂದ್ಯ. ಎರಡು ಗೆದ್ದರೆ ಉಳಿದುಕೊಳ್ಳುತ್ತೇವೆ.
ಆ ಎರಡು ಲೀರಾ ಬೂದಿಬಟ್ಟಲಲ್ಲಿ ಬಿದ್ದಿದೆ.
ಚಿಲ್ಲರೆ ಸಾಲದೆ ಪರದಾಡಿದಾಗಲೂ
ಅದನ್ನು ಯಾರಿಗೂ ಕೊಟ್ಟಿಲ್ಲ.
ಒಗೆದ ಶಾಲು ಒಣಗಿದೆ. ಶನಿವಾರಕ್ಕೆ ಬೇಕು.
ಸೋತರೆ ಏನು ಕೂಗುತ್ತೇನೆ ಅಂತ
ನನ್ನನ್ನು ಕೇಳಬೇಡಿ,
ಗಂಟಲನ್ನು ಕೇಳಿ.